ಹೆಸರು ಕಡ್ಡಾಯ

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುವ ಕೆಲಸಗಳು ಇವು. ನಲ್ಲಿಯಲ್ಲಿ ನೀರು ಬರುವ ಅರ್ಧ ಗಂಟೆಯಲ್ಲಿ ಎರಡು ಡ್ರಮ್ಮು ತುಂಬಿಸುವುದು. ಒಂದು ಕಣ್ಣು ಹಾಲಿನ ಮೇಲಿಟ್ಟು ರಾತ್ರಿಯ ಪಾತ್ರೆ ತೊಳೆಯುವುದು. ಅತ್ತೆಯ ಮೂರು ಮಾತ್ರೆಗಳನ್ನು ಬಟ್ಟಲಿಗೆ ಹಾಕಿ ಮೇಲೆ ತಟ್ಟೆ ಮುಚ್ಚುವುದು. ಗಂಡನ ಅಂಗಿಗೆ ಇಸ್ತ್ರಿ, ಮಗಳ ಊಟದ ಡಬ್ಬಿ. ಇವಿಷ್ಟು ಅತ್ತೆಯ ಕಾಲದಲ್ಲೂ ಇದ್ದವು. ಆಮೇಲೆ ಬಂದು ಸೇರಿಕೊಂಡವು ಬೇರೆ. ನಾಲ್ಕು ಫೋನಿಗೆ ಇರುವುದು ಎರಡೇ ಚಾರ್ಜರು, ಒಂದರ ಹೊಟ್ಟೆ ತುಂಬಿತೆಂದರೆ ಇನ್ನೊಂದಕ್ಕೆ ತಂತಿ ಚುಚ್ಚಬೇಕು. ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಆರಿದ್ದರೆ ಸ್ವಿಚ್ಚು ತೆಗೆದು ಮೂವತ್ತು ಎಣಿಸಿ ಮತ್ತೆ ಹಾಕಬೇಕು. ಆಸ್ಪತ್ರೆಯ ಟೋಕನ್ನು ಆರು ಗಂಟೆಗೆ ಬಿಡುತ್ತಾರೆ, ಆರೂ ಐದಕ್ಕೆ ಖಾಲಿ. ಅತ್ತೆಯ ಹೆಸರು, ವಯಸ್ಸು, ಕಾಯಿಲೆ ತುಂಬಿ, ಫೋನಿಗೆ ಬರುವ ಆರು ಅಂಕಿಗಳನ್ನು ಅವು ಸಾಯುವುದರೊಳಗೆ ಒತ್ತಬೇಕು. ಗ್ಯಾಸಿನದು, ಕರೆಂಟಿನದು, ಮಗಳ ಕಾಲೇಜಿನದು, ಎಲ್ಲದರ ಅಂಕಿಯೂ ಬರುವುದು ಅವಳ ಫೋನಿಗೇ. ಖಾತೆಗಳು ಮಾತ್ರ ಗಂಡನ ಹೆಸರಿನಲ್ಲಿ.

ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಾನೆ. ಮನೆಯವರು ಎದ್ದು ಮೈಮುರಿದು “ಓ, ಬೆಳಗಾಯ್ತಾ” ಅನ್ನುತ್ತಾರೆ, ಬೆಳಗು ತಾನಾಗಿಯೇ ಆಯಿತೆಂಬಂತೆ.

ಅವಳ ನಿಜವಾದ ಕೆಲಸ ಶುರುವಾಗುವುದು ಹತ್ತು ಗಂಟೆಗೆ. ಅಡುಗೆಮನೆಯ ಹಿಂದೆ ಒಂದು ಕಿರುಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಬಾಗಿಲಿಗೆ ದಪ್ಪ ನೀಲಿ ಪರದೆ. ಹೆಂಗಸರ ಉಡುಪನ್ನಷ್ಟೇ ಹೊಲಿಯುತ್ತಾಳೆ. ಸುತ್ತಲಿನ ಏಳೆಂಟು ಬೀದಿಗೆ ಅವಳು ‘ಟೈಲರ್ ಅಕ್ಕ’. ಅವಳಿಗೆ ಕೆಲಸ ಕಲಿಸಿದ ಮುದುಕಿಯ ಬಾಯಲ್ಲಿ ಹಲ್ಲಿರಲಿಲ್ಲ, ಗುಂಡುಸೂಜಿಗಳಿರುತ್ತಿದ್ದವು. ಅವುಗಳ ಸಂದಿಯಿಂದಲೇ ಪಾಠ. “ಅಳತೆ ಮೈಯದು, ಹೆಸರು ಮಾನದ್ದು. ಎರಡನ್ನೂ ಒಂದೇ ಹಾಳೆ ಮೇಲೆ ಬರೀಬೇಡ ಮಗಾ. ಪುಸ್ತಕ ಎಲ್ಲೋ ಕಳೆದುಹೋದ್ರೂ ಯಾರ ಸೊಂಟ ಎಷ್ಟು ಅಂತ ಯಾರಿಗೂ ಗೊತ್ತಾಗಬಾರದು.”

ಹಾಗಾಗಿ ಅವಳ ಪುಸ್ತಕದಲ್ಲಿ ಹೆಸರುಗಳಿರಲಿಲ್ಲ, ಗುರುತುಗಳಿದ್ದವು. ಮಾತಾಡುತ್ತಲೇ ಇರುವವಳಿಗೆ ಗಂಟೆ. ಬಟ್ಟೆ ತಂದುಕೊಟ್ಟು ತಿಂಗಳುಗಟ್ಟಲೆ ಮರೆಯುವವಳಿಗೆ ಆಮೆ. ಬಿಸಿಲಿರಲಿ ಇಲ್ಲದಿರಲಿ ಬಿಳಿಯ ಕೊಡೆ ಹಿಡಿದೇ ಬರುವ ಶಾಲೆಯ ಟೀಚರಿಗೆ ಕೊಡೆ. ಹದಿನಾಲ್ಕು ವರ್ಷಗಳಲ್ಲಿ ನೂರಾ ಮೂವತ್ತು ಗುರುತುಗಳು. ಒಂದೂ ಅವಳಿಗೆ ತಪ್ಪುತ್ತಿರಲಿಲ್ಲ.

ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಆದರೆ ಮನೆಗೆ ಏನೇ ಹೊಸ ಯಂತ್ರ ಬಂದರೂ ಡಬ್ಬಿ ಒಡೆಯುವವನು, ಪಾಸ್‌ವರ್ಡು ಇಡುವವನು ಅವನೇ. ಮಗಳು ತಮಾಷೆಗೆ ಇಟ್ಟ ‘ಇಂಜಿನಿಯರ್’ ಎಂಬ ಹೆಸರನ್ನು ಅವನು ಪದವಿಯೆಂದೇ ಹಚ್ಚಿಕೊಂಡಿದ್ದ. ಕಳೆದ ವರ್ಷ ಒಂದು ಭಾನುವಾರ ಅವಳ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

“ಇದೇನೇ ಇದು, ಆಮೆ, ಗಂಟೆ, ಕೊಡೆ! ಒಂದನೇ ಕ್ಲಾಸಿನ ಪುಸ್ತಕಾನಾ? ಇದಕ್ಕೆಲ್ಲಾ ಈಗ ಆ್ಯಪ್ ಇದೆ.”

“ನನಗೆ ಇದೇ ಸರಿಯಾಗಿದೆ ರೀ.”

“ಸರಿ ಏನು ಅಂತ ಗೊತ್ತಿದ್ರೆ ತಾನೆ ಸರಿಯಾಗಿದೆ ಅನ್ನೋದು?”

ಆ್ಯಪು ಕ್ಯಾಮೆರಾ ಕೇಳಿತು, ಫೋನಿನಲ್ಲಿರುವ ಎಲ್ಲರ ನಂಬರು ಕೇಳಿತು, ಅವಳು ಎಲ್ಲಿದ್ದಾಳೆಂದೂ ಕೇಳಿತು. “ಅಂಗಿ ಹೊಲಿಯೋಕೆ ನಾನೆಲ್ಲಿದೀನಿ ಅಂತ ಅದಕ್ಕ್ಯಾಕೆ?” ಎಂದಳು. “ಎಲ್ಲರನ್ನೂ ಕೇಳುತ್ತೆ ಬಿಡೇ” ಎನ್ನುತ್ತ ಅವನು ಏಳು ಸಲ ‘ಒಪ್ಪಿಗೆ’ ಒತ್ತಿದ. ಅವಳ ಮದುವೆಗೂ ಇಷ್ಟು ಸಲ ಒಪ್ಪಿಗೆ ಕೇಳಿರಲಿಲ್ಲ. ಅವಳನ್ನು ಕೇಳಲಿಲ್ಲ ಅನ್ನುವುದು ಮಾತ್ರ ಎರಡು ಕಡೆಯೂ ಒಂದೇ.

ಗುರುತು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ‘ಕೊಡೆ’ ಎಂದು ಒತ್ತಿದರೆ ಕೆಂಪಕ್ಷರದಲ್ಲಿ ಬರುತ್ತಿತ್ತು: ‘ಪೂರ್ಣ ಹೆಸರು ಕಡ್ಡಾಯ’. ಹೆಸರು ಕೊಟ್ಟರಷ್ಟೇ ಮುಂದಿನ ಪುಟ. ಗಂಡ ಮೂರು ಭಾನುವಾರ ಕೂತು, ಅವಳು ಹೇಳಿದ ಹಾಗೆ ಎಲ್ಲರ ಹೆಸರನ್ನೂ ಅಳತೆಯನ್ನೂ ತುಂಬಿದ. ಉಪಕಾರ ಮಾಡಿದವನ ಗತ್ತಿನಲ್ಲಿ ಪುಸ್ತಕವನ್ನು ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಿದ. ಅಂದಿನಿಂದ ಉಡುಪು ಹಾಕಿ ನೋಡುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೆನಪಿಗೆ ಅವಳು ಒಂದು ಫೋಟೋ ತೆಗೆಯುತ್ತಿದ್ದಳು. ಕತ್ತಿನಿಂದ ಕೆಳಗೆ, ಮುಖ ಬಾರದಂತೆ. ಮುಖ ಬಾರದಿದ್ದರೇನು, ಆ್ಯಪು ಫೋಟೋದ ಕೆಳಗೇ ಹೆಸರು, ಎದೆ, ಸೊಂಟ ಎಲ್ಲವನ್ನೂ ಅಚ್ಚುಹಾಕಿ ಇಡುತ್ತಿತ್ತು.

ಅದಕ್ಕೆ ಅವಳೂ ಒಗ್ಗಿಕೊಂಡಳು. ಸುಳ್ಳೇಕೆ, ಹುಡುಕುವುದು ಸುಲಭವಾಗಿತ್ತು.

ಟೀಚರ್ ಆರು ತಿಂಗಳು ಬಂದಿರಲಿಲ್ಲ. ಬಂದ ದಿನ ಕೊಡೆ ಮಡಚಿ, ನೀಲಿ ಪರದೆ ಎಳೆದಳು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದಳು. ಎಡಗಡೆ ಎದೆಯ ಜಾಗದಲ್ಲಿ ಆಪರೇಷನ್ನಿನ ಓರೆಯಾದ ಗೆರೆ ಮಾತ್ರ ಇತ್ತು.

“ಶಾಲೇಲಿ ಯಾರಿಗೂ ಹೇಳಿಲ್ಲ ಅಕ್ಕ. ಕಾಮಾಲೆ ಅಂತ ರಜೆ ಹಾಕಿದ್ದೆ. ಒಂದು ಸಲ ಗೊತ್ತಾದ್ರೆ ಮಕ್ಕಳು, ಮಕ್ಕಳ ಅಮ್ಮಂದಿರು ಎಲ್ಲರೂ ನನ್ನ ಮುಖ ಬಿಟ್ಟು ಇಲ್ಲೇ ನೋಡ್ತಾರೆ.”

“ಈ ಪರದೆ ಒಳಗಿನ ಮಾತು ಪರದೆ ದಾಟಲ್ಲ” ಎಂದಳು ಅವಳು. ಹದಿನಾಲ್ಕು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದ ಮಾತೇ. ಅಂದು ಮಾತ್ರ ಟೀಚರಿನ ಕೈ ಹಿಡಿದು ಹೇಳಿದಳು.

ಖಾಲಿ ಜಾಗ ಹೊರಗೆ ಕಾಣದಂತೆ ಹೊಲಿಯಬೇಕಿದ್ದ ಆ ಉಡುಪಿಗೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಳಪದರದಲ್ಲಿ ಚೀಲದಂತೆ ಹೊಲಿದು ಹತ್ತಿ ತುಂಬಿದರೆ ಹಗುರಾಗಿ ಮೇಲೇರಿತು. ತುದಿಗೆ ಸಣ್ಣ ಸೀಸದ ಮಣಿ ಇಟ್ಟರೆ ಸರಿಯಾಗಿ ಕೂತಿತು. ಪ್ರತಿ ಸಲ ಹಾಕಿ ನೋಡಿದಾಗಲೂ ಒಂದು ಫೋಟೋ, ಚೀಲ ಎಲ್ಲಿ ಕೂರಬೇಕೆಂದು ಗಾಯದ ಗೆರೆ ಕಾಣುವಂತೆ ಇನ್ನೊಂದು. ಆ ವಾರದಿಂದ ಅವಳ ಫೋನಿನಲ್ಲಿ ಆಪರೇಷನ್ ಆದವರ ಒಳಉಡುಪಿನ ಜಾಹೀರಾತುಗಳು ಬರತೊಡಗಿದವು. ಗಂಡನಿಗೆ ತೋರಿಸಿದಳು. “ನಿನ್ನ ಕೆಲಸಕ್ಕೆ ಅನುಕೂಲವಾಗಲಿ ಅಂತ ಕಳಿಸ್ತಾರೆ, ಅದಕ್ಕೂ ಅಳ್ತೀಯಲ್ಲೇ” ಎಂದ.

ಮೂರು ತಿಂಗಳ ಮೇಲೆ ಟೀಚರ್ ಇನ್ನೊಂದು ಉಡುಪಿಗೆಂದು ಬಂದಳು. ಒಳಗಿನ ಕೋಣೆಗೆ ಹೋಗಬೇಕಾದರೆ ಹಾಲ್ ದಾಟಬೇಕು. ಅಲ್ಲಿ ಟಿವಿಯ ಮುಂದೆ ಎಂದಿನಂತೆ ಅತ್ತೆ.

“ಬಾಮ್ಮಾ ಬಾ. ಎಡಗಡೆ ನೋವು ಕಮ್ಮಿ ಆಯ್ತಾ? ಎಷ್ಟು ದೊಡ್ಡ ಗಾಯ, ಪಾಪ!” ಎಂದರು ಅತ್ತೆ. ಅವರ ದನಿಯಲ್ಲಿ ಇದ್ದದ್ದು ಬರೀ ಮರುಕ.

ಟೀಚರ್ ನಿಂತಲ್ಲೇ ನಿಂತಳು. ತಿರುಗಿ, ಬಾಗಿಲು ತೆಗೆದು ಹಿಂದೆ ಬರುತ್ತಿದ್ದ ಟೈಲರ್ ಅಕ್ಕನನ್ನು ನೋಡಿದಳು. ಬೈಯಲಿಲ್ಲ. “ಪರದೆ ದಾಟಲ್ಲ ಅಂದಿದ್ರಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು. ಬಿಳಿ ಕೊಡೆ ಬಾಗಿಲ ಮೂಲೆಯಲ್ಲೇ ಉಳಿಯಿತು.

“ಅತ್ತೆ, ಯಾರು ಹೇಳಿದ್ರು ನಿಮಗೆ?”

“ಯಾರು ಹೇಳಬೇಕು? ದಿನಾ ನೋಡ್ತೀನಲ್ಲ. ಧಾರಾವಾಹಿ ಮುಗಿದ ಮೇಲೆ ಟಿವಿನಲ್ಲಿ ನೀನು ತೆಗೆದಿರೋ ಚಿತ್ರಗಳು ಒಂದಾದ ಮೇಲೊಂದು ಬರ್ತಾವೆ. ಹೆಸರೂ ಇರುತ್ತೆ. ನಾನು ಓದ್ಕೊಂಡು ಕೂತಿರ್ತೀನಿ. ಎಷ್ಟು ಜನಕ್ಕೆ ಹೊಲೀತೀಯೇ ನೀನು!”

ಕಾಲೇಜಿನಿಂದ ಬಂದ ಮಗಳನ್ನು ಕೇಳಿದಳು. ಮಗಳಿಗೂ ಗೊತ್ತಿತ್ತು. “ಟಿವಿಗೂ ನಿನ್ನ ಫೋನಿಗೂ ಒಂದೇ ಖಾತೆ ಅಮ್ಮಾ. ಅಪ್ಪ ಹಾಗೆ ಜೋಡಿಸಿದ್ದು. ಹತ್ತು ನಿಮಿಷ ಯಾರೂ ರಿಮೋಟ್ ಮುಟ್ಟದಿದ್ರೆ ಫೋಟೋ ಬರುತ್ತೆ. ನೀನೇ ಬೇಕು ಅಂತ ಹಾಕಿಸ್ಕೊಂಡಿದೀಯ ಅನ್ಕೊಂಡಿದ್ದೆ. ನೀನು ನೋಡೇ ಇಲ್ವಾ?”

ಇಲ್ಲ, ನೋಡಿರಲಿಲ್ಲ. ಟಿವಿ ಬಂದು ವರ್ಷವಾಗಿತ್ತು. ಅದರ ಧೂಳು ಒರೆಸಿದ್ದಳು, ಅದರ ಮುಂದಿನ ಲೋಟಗಳನ್ನು ಎತ್ತಿದ್ದಳು, ಅದರೆದುರು ಕೂತವರಿಗೆ ದಿನಕ್ಕೆ ನಾಲ್ಕು ಸಲ ಚಹಾ ಕೊಟ್ಟಿದ್ದಳು. ಹತ್ತು ನಿಮಿಷ ಮಾತ್ರ ಕೂತಿರಲಿಲ್ಲ. ಆ ಮನೆಯಲ್ಲಿ ಆ ಚಿತ್ರಗಳನ್ನು ಟಿವಿಯಲ್ಲಿ ಕಾಣದ ಹೆಂಗಸು ಅವುಗಳನ್ನು ತೆಗೆದವಳೊಬ್ಬಳೇ.

ಟಿವಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು. ಅತ್ತೆ “ಅಯ್ಯೋ, ಏಳೂವರೆಯ ಧಾರಾವಾಹಿ!” ಎಂದರು. ಅವಳು ತಿರುಗಿ ನೋಡಲಿಲ್ಲ.

ಗಂಡ ಬಂದು ಬೂಟು ಬಿಚ್ಚುವ ಮೊದಲೇ ಕೇಳಿದಳು. “ಟಿವಿನಲ್ಲಿ ಫೋಟೋ ಬರೋದು ನಿಮಗೆ ಗೊತ್ತಿತ್ತಾ?”

“ಏನು? ಓ, ಅದಾ? ಬಂದಾಗೆಲ್ಲ ನಾನು ರಿಮೋಟ್ ಒತ್ತಿ ಬದಲಾಯಿಸ್ತೀನಲ್ಲ.”

“ಭಾನುವಾರ ಮ್ಯಾಚ್ ನೋಡೋಕೆ ನಿಮ್ಮ ಆಫೀಸಿನ ನಾಲ್ಕು ಜನ ಬರ್ತಾರಲ್ಲ?”

ಅವನು ಬೂಟಿನ ದಾರವನ್ನೇ ನೋಡುತ್ತಿದ್ದ. “ಅವರಿದ್ದಾಗ ಒಂದೆರಡು ಸಲ ಫೋಟೋ ಬಂದಿರಬಹುದು. ಗಂಡಸರು, ಏನೋ ಒಂದು ಮಾತಾಡಿ ನಕ್ಕಿರ್ತಾರೆ. ಅದನ್ನೆಲ್ಲ ಯಾರು ನೆನಪಿಟ್ಕೋತಾರೆ?”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ತೆಗೆಸಿ ಅಂತಿದ್ದೆ.”

“ತೆಗೀಬೇಕಿತ್ತು.”

“ಪಾಸ್‌ವರ್ಡ್ ಮರೆತೋಗಿತ್ತು ಕಣೇ!” ಎಂದು ಕೂಗಿದ. ತಪ್ಪು ಅವಳದೇ ಎಂಬಂತೆ ಕೂಗಿದ. “ಮರೆತರೆ ಆ ಖಾತೆದು ನನ್ನ ಹಳೇ ನಂಬರಿಗೆ ಅಂಕಿ ಹೋಗುತ್ತೆ. ಆ ನಂಬರು ಈಗ ಇಲ್ಲ. ಏನ್ಮಾಡ್ಲಿ?”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಗೊತ್ತಿಲ್ಲ ಎಂಬ ಒಂದು ಮಾತು ಬಾಯಿಂದ ಬರಬಾರದೆಂದು ಇಂಜಿನಿಯರ್ ಸಾಹೇಬರು ನೂರಾ ಮೂವತ್ತು ಹೆಂಗಸರ ಮೈಯನ್ನು ಒಂದು ವರ್ಷ ಹಾಲ್‌ನ ಟಿವಿಯಲ್ಲಿ ಓಡಾಡಲು ಬಿಟ್ಟಿದ್ದರು. ಕೆಟ್ಟತನದಿಂದ ಮಾಡಿದ್ದರೆ ಅವಳಿಗೆ ಬೈಯಲಾದರೂ ಬರುತ್ತಿತ್ತು.

ಮರುದಿನ ಟಿವಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಯಂತ್ರದ ಹೆಣ್ಣುದನಿ ಒಂದು ಒತ್ತಿ, ಮೂರು ಒತ್ತಿ ಎಂದಿತು. ಇಪ್ಪತ್ತು ನಿಮಿಷದ ಮೇಲೆ ಮನುಷ್ಯನೊಬ್ಬ ಸಿಕ್ಕಿದ.

“ನೀವು ಖಾತೆದಾರರಾ ಮೇಡಂ?”

“ಅವರ ಹೆಂಡತಿ. ಫೋಟೋಗಳು ನನ್ನವು. ಫೋನೂ ನನ್ನದೇ.”

“ಖಾಸಗಿತನದ ನಿಯಮ ಇದೆ ಮೇಡಂ. ಖಾತೆದಾರರ ಮಾಹಿತಿನ ಬೇರೆಯವರ ಹತ್ತಿರ ಮಾತಾಡೋ ಹಾಗಿಲ್ಲ.”

ಅವಳಿಗೆ ನಗು ಬಂತು. ಹಲ್ಲುನೋವಿನವರು ನಕ್ಕ ಹಾಗಿತ್ತು ಅದು.

ಫೋನಿನಲ್ಲಿ ಅಳಿಸಿದರೆ ಎಲ್ಲಾ ಕಡೆಯೂ ಅಳಿಯುತ್ತದೆ, ಆದರೆ ಅಳತೆಗಳೂ ಹೋಗುತ್ತವೆ ಎಂದು ಮಗಳು ಹುಡುಕಿ ಹೇಳಿದಳು. ಅಂಗಡಿಯಿಂದ ಗೆರೆಯಿಲ್ಲದ ಹೊಸ ಪುಸ್ತಕ ಬಂತು. ಐದು ದಿನ, ಬೆಳಗಿನ ಕೆಲಸಗಳಿಗೂ ಮೊದಲು ಎದ್ದು, ಒಂದೊಂದೇ ಅಳತೆಯನ್ನು ಬರೆದುಕೊಂಡಳು. ಗಂಟೆ. ಆಮೆ. ಹೊಸಬರಿಗೆ ಹೊಸ ಗುರುತುಗಳು. ಒಂದನ್ನು ಬರೆದಾದ ಮೇಲೆ ಆ ಹೆಂಗಸಿನ ಚಿತ್ರಗಳನ್ನು ಅಳಿಸುವಳು. ಪ್ರತಿ ಸಲವೂ ಫೋನು ‘ಖಚಿತವೇ?’ ಎಂದು ಕೇಳುತ್ತಿತ್ತು. ಕೇಳಬೇಕಾದಾಗ ಕೇಳದೆ, ಈಗ ಕೇಳುತ್ತದೆ.

ಐದನೆಯ ಸಂಜೆ ಗಂಡ ಮೆತ್ತಗಾಗಿ ಪಕ್ಕದಲ್ಲಿ ಬಂದು ಕೂತ. “ಎಲ್ಲಾ ಹೋಯ್ತಲ್ಲ, ಇನ್ನು ಯಾರಿಗೂ ತಿಳಿಯಲ್ಲ. ಟೀಚರಿಗೆ ಮಾತ್ರ ಏನಾದ್ರೂ ಹೇಳಬೇಕು. ನಾನೇ ಬರೆದಿಟ್ಟಿದೀನಿ ನೋಡು, ಕಳಿಸಿಬಿಡು.” ಅವಳ ಫೋನಿನಲ್ಲಿ ಅವನೇ ಒತ್ತಿಟ್ಟಿದ್ದ: ‘ನನ್ನ ಫೋನನ್ನು ಯಾರೋ ಕಳ್ಳರು ಹ್ಯಾಕ್ ಮಾಡಿದ್ದಾರೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ.’

“ಕಳ್ಳರು ಯಾರು?”

“ಅಯ್ಯೋ, ಎಲ್ಲರಿಗೂ ಆಗುತ್ತೆ, ನಂಬ್ತಾರೆ. ಉಳಿದವರ ಹತ್ತಿರ ಬಾಯಿ ಬಿಡಬೇಡ. ಬಿಟ್ರೆ ಒಬ್ಬಳೂ ನಿನ್ನ ಪರದೆ ಒಳಗೆ ಕಾಲಿಡಲ್ಲ. ಮಗಳ ಕಾಲೇಜು ನಡೀತಿರೋದು ನಿನ್ನ ಮಿಷಿನ್ ಮೇಲೆ, ನೆನಪಿರಲಿ.”

ಬರೆದಿಟ್ಟದ್ದು ಸುಳ್ಳಾದರೂ ಅವನ ಲೆಕ್ಕ ತಪ್ಪಿರಲಿಲ್ಲ. ಹೊರಗಿನ ಕಳ್ಳನೆಂದರೆ ಎಲ್ಲರೂ ಅಯ್ಯೋ ಅನ್ನುತ್ತಾರೆ. ಸೋಫಾದ ಮೇಲೆ ಕೂತವರು ನೋಡಿದರು, ನಕ್ಕರು ಎಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಆರನೆಯ ಬೆಳಗು. ಮನೆ ಮಲಗಿತ್ತು. ನಲ್ಲಿ ಗೊರಗೊರ ಅಂದು ನೀರು ಬಿಡತೊಡಗಿತು. ಅವಳು ಡ್ರಮ್ಮಿನ ಕಡೆ ಹೋಗಲಿಲ್ಲ. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, ಗಂಡ ಒತ್ತಿಟ್ಟಿದ್ದ ಎರಡು ಸಾಲನ್ನು ಮತ್ತೊಮ್ಮೆ ಓದಿದಳು. ಕಳಿಸಲು ಒಂದು ಬೆರಳು ಸಾಕಿತ್ತು. ಅಕ್ಷರ ಅಕ್ಷರವಾಗಿ ಅಳಿಸಿದಳು. ಹಾಗೆಂದು ನಿಜವನ್ನು ಅಲ್ಲೇ ಒತ್ತಿ ಕಳಿಸುವ ಮನಸ್ಸೂ ಬರಲಿಲ್ಲ. ಇದನ್ನೂ ಈ ಫೋನಿನ ಕೈಗೇ ಕೊಡುವುದೇ?

ಟೀಚರ್ ಕೇಳಲು ಬಂದಿದ್ದ ಎರಡನೆಯ ಉಡುಪು ಸಿದ್ಧವಿತ್ತು. ತನ್ನದೇ ಬಟ್ಟೆ ಹಾಕಿ, ಹಳೆಯ ಉಡುಪಿನ ಅಳತೆಯಲ್ಲೇ ಹೊಲಿದು ಮುಗಿಸಿದ್ದಳು. ಮಡಚಿ ಚೀಲಕ್ಕೆ ಹಾಕಿದಳು. ಪುಸ್ತಕವನ್ನೂ ಹಾಕಿದಳು. ಟೀಚರ್ ಶಾಲೆಗೆ ಹೊರಡುವುದು ಏಳೂವರೆಗೆ. ಅಷ್ಟರೊಳಗೆ ಬಾಗಿಲಲ್ಲಿ ನಿಂತು, ಯಾರು ನೋಡಿದರು, ಎಷ್ಟು ದಿನ ನೋಡಿದರು, ಯಾಕೆ ನಿಲ್ಲಿಸಲಿಲ್ಲ ಎಂದು ಒಂದನ್ನೂ ಬಿಡದೆ ಹೇಳಬೇಕು. ಆಮೇಲೆ ಗಂಟೆಯ ಮನೆ. ಆಮೆಯ ಮನೆ. ದಿನಕ್ಕೆ ಐದೆಂದರೂ ತಿಂಗಳು ಹಿಡಿಯುತ್ತದೆ. ಗಂಟೆ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಾಳೆ, ಎರಡನೆಯ ಮನೆ ತಲುಪುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಟೀಚರ್ ಕ್ಷಮಿಸುತ್ತಾಳೆಂಬ ಭ್ರಮೆ ಅವಳಿಗಿರಲಿಲ್ಲ. ಕ್ಷಮಿಸಲಿ ಎಂದು ಹೊರಟವಳೂ ಅಲ್ಲ.

ಆರಕ್ಕೆ ಐದು ನಿಮಿಷವಿತ್ತು. ಇವತ್ತು ಅತ್ತೆಯ ಟೋಕನ್ನಿನ ದಿನ. ಫೋನನ್ನು ಗಂಡನ ದಿಂಬಿನ ಪಕ್ಕ ಇಟ್ಟಳು. ಅಂಕಿ ಬರುವಲ್ಲಿಗೆ ಬರಲಿ.

ಮೂಲೆಯಲ್ಲಿದ್ದ ಬಿಳಿ ಕೊಡೆಯನ್ನು ಕೈಗೆತ್ತಿಕೊಂಡು ಮೆಟ್ಟಿಲಿಳಿದಳು.