ಸೀಸೆಯ ಮೇಲಿನ ಹೆಸರು

‘ನನ್ನ ಕೂಸಿನ ಜೀವಾ ತಗೊಂಡ ಆ ಹುಳಾ ಇನ್ನೂ ಜೀವಂತ ಐತೇನ್ರಿ?’

ನಾನು ಕೆಲಸ ಮಾಡುವ ಕೊಲ್ಹಾಪುರದ ಆಸ್ಪತ್ರೆಯ ಪ್ರಯೋಗಾಲಯಕ್ಕೆ ವರದಿ ಒಯ್ಯಲು ಬಂದ ಮಾಯವ್ವ ಹೀಗೆ ಕೇಳಿದಳು. ಆಕೆ ಗಡಿಭಾಗದ ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನವಳು, ಕುರಿ ಸಾಕುವ ಮನೆಯ ಸೊಸೆ. ಹುಟ್ಟಿದ ಎರಡನೇ ದಿನವೇ ಅವಳ ಮಗಳು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೀರಿಕೊಂಡಿದ್ದಳು. ಆ ಬ್ಯಾಕ್ಟೀರಿಯಾದ ತಳಿಯನ್ನು ನಾವು ಅಧ್ಯಯನಕ್ಕೆಂದು ಫ್ರೀಜರಿನಲ್ಲಿ ಉಳಿಸಿಕೊಂಡಿದ್ದೆವು. ಸುಳ್ಳು ಹೇಳಲು ಮನಸ್ಸಾಗದೆ ಆ ಪುಟ್ಟ ಸೀಸೆಯನ್ನು ತೋರಿಸಿದೆ.

‘ಸುಟ್ಟ ಹಾಕ್ರಿ ಅದನ್ನ’ ಅಂದಳು.

ಇಂಥ ತಳಿಗಳನ್ನು ಹೋಲಿಸಿ ನೋಡಿದರೆ ಯಾವ ಔಷಧಿ ನಾಟುತ್ತದೆಂದು ತಿಳಿಯುತ್ತದೆ, ಮುಂದೆ ಲಸಿಕೆಗೂ ದಾರಿಯಾಗಬಹುದು, ಬೇರೆ ಕೂಸುಗಳು ಉಳಿದಾವು ಎಂದೆ. ಆಕೆ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಮರಾಠಿ ಶಾಲೆಯಲ್ಲಿ ಕಲಿತವಳು, ಸೀಸೆಯ ಚೀಟಿಯನ್ನು ಮೆಲ್ಲಗೆ ಓದಿದಳು: ‘ಮಾಯವ್ವಾಚಂ ಬಾಳ.’ ಮಾಯವ್ವನ ಕೂಸು.

‘ಇರ್ಲಿ, ಸುಡಬ್ಯಾಡ್ರಿ ಅಕ್ಕಾರ. ಆದ್ರ ಇದು ನನ್ನ ಕೂಸಲ್ಲ. ಆ ಹೆಸರು ಅಳಸ್ರಿ.’

ರೋಗಿಗಳನ್ನು ಬರೀ ಸಂಖ್ಯೆ ಮಾಡಬಾರದೆಂದು ನಂಬಿ ಸೀಸೆಗಳಿಗೆ ಹೆಸರು ಬರೆಯುತ್ತಿದ್ದವಳು ನಾನು. ಅಂದು ಆಕೆಯ ಎದುರಿಗೇ ಹೆಸರು ಅಳಿಸಿ ಒಂದು ಸಂಖ್ಯೆ ಬರೆದೆ. ಆಮೇಲೆ ಯಾವ ಸೀಸೆಗೂ ಯಾರ ಕೂಸಿನ ಹೆಸರನ್ನೂ ಹಚ್ಚಿಲ್ಲ.