ಬಂದವರಿಗೆ ನೀರು
ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಹಾಲಪ್ಪನವರು “ಹೆಸರು ಹಾಲು, ನೌಕರಿ ನೀರು” ಎಂದು ತಮ್ಮ ಪರಿಚಯ ಹೇಳಿಕೊಂಡು, ಎದುರಿನವರಿಗಿಂತ ಮೊದಲು ತಾವೇ ನಗುತ್ತಾರೆ. ಸಮುದ್ರ ಸೇರದೆ ರಾಜಸ್ಥಾನದ ಉಪ್ಪುಕೆರೆಯೊಂದರಲ್ಲಿ ಇಂಗಿಹೋಗುವ ಹೊಳೆಗಳ ಬಯಲಿನಲ್ಲಿ ಎಷ್ಟು ನೀರಿದೆ, ಯಾರಿಗೆಷ್ಟು ಬೇಕು ಎಂದು ಹದಿನೆಂಟು ವರ್ಷದಿಂದ ವರದಿ ಬರೆಯುತ್ತಿರುವ ಅವರಿಗೆ, ಸ್ವಂತ ಮನೆಯ ನಲ್ಲಿ ಎಷ್ಟು ಗಂಟೆಗೆ ನಿಲ್ಲುತ್ತದೆಂಬುದು ಇಂದಿಗೂ ತಿಳಿದಿಲ್ಲ. ತಲೆಗೆ ಸೋಪು ಹಚ್ಚಿಕೊಂಡ ಮೇಲೆಯೇ ಅದು ನಿಲ್ಲುತ್ತದೆ. “2025ಕ್ಕೆ ಜನಕ್ಕೆಷ್ಟು ನೀರು ಬೇಕು ಅಂತ ಆಮೇಲೆ ಹೇಳುವಿರಂತೆ, ಈಗ ನಿಮಗೆಷ್ಟು ಬಕೆಟ್?” ಎಂದು ಹೆಂಡತಿ ಸುಮಿತ್ರಾ ಬಾಗಿಲಾಚೆಯಿಂದ ಕೇಳುತ್ತಾರೆ. “ಅಚ್ಛಾ, ಒಂದು... ಅಂದಾಜು ತಪ್ಪಿತು, ಎರಡು ಕೊಡು” ಎನ್ನುತ್ತಾರೆ ಕಣ್ಣು ಮುಚ್ಚಿ ನಿಂತ ತಜ್ಞರು. ಅವರು ಆ ಬಯಲನ್ನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, 2003ರ ಬೇಸಿಗೆಯಲ್ಲಿ. ಮೂರು ಮೈಲಿಯಿಂದ ಕೊಡ ಹೊತ್ತು ತಂದಿದ್ದ ಮುದುಕಿಯೊಬ್ಬಳು, ಇವರು ಪ್ರಶ್ನೆ ಕೇಳುವ ಮೊದಲೇ “ಪಹಲೇ ಪಾನಿ ಪೀ ಲೋ, ಬೇಟಾ” ಎಂದು ಮೊದಲು ಲೋಟದ ತುಂಬ ಕುಡಿಯುವ ನೀರು ಕೊಟ್ಟಳು. “ನಾಚಿಕೆಗೆಟ್ಟವನು, ಪೂರ್ತಿ ಕುಡಿದೆ. ಆ ಒಂದು ಲೋಟ ನನ್ನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ” ಎನ್ನುತ್ತಾರೆ. ಅಂದಿನಿಂದ ಅವರ ವರದಿಯಲ್ಲಿ ಕುಡಿಯುವ ನೀರು, ಬೇಸಾಯ, ಜಾನುವಾರು ಎಂಬ ಕಾಲಂಗಳ ಪಕ್ಕದಲ್ಲಿ ‘ಬಂದವರಿಗೆ’ ಎಂಬುದೊಂದು ಕಾಲಂ ಇರುತ್ತದೆ. “ಯೇ ಕ್ಯಾ ಹೈ, ಹಾಲಪ್ಪಾಜೀ?” ಎಂದು ಮೇಲಧಿಕಾರಿ ಪ್ರತಿ ವರ್ಷವೂ ಅದನ್ನು ಹೊಡೆದುಹಾಕುತ್ತಾರೆ. “ಟೈಪಿಂಗ್ ಮಿಸ್ಟೇಕ್, ಸರ್” ಎಂದು ಹಾಲಪ್ಪನವರು ತಲೆ ಕೆರೆದುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ತಪ್ಪನ್ನು, ಅಕ್ಷರ ಅಕ್ಷರ ನೋಡಿಕೊಂಡು, ಮತ್ತೆ ಟೈಪು ಮಾಡುತ್ತಾರೆ.