ಹೂ ಕೇಳುವ ಪುಸ್ತಕ, ಹೂ ಬಿಡದ ತೋಪು

ಆಸ್ಟ್ರೇಲಿಯಾದ ಮರಗಳನ್ನು ಗುರುತಿಸುವ ಪುಸ್ತಕಕ್ಕೆ ಮೂರು ಸಾವಿರ ಕೊಟ್ಟೆ, ಅದೂ ಹಳೆಯ ಪ್ರತಿಗೆ, ಚೌಕಾಸಿ ಮಾಡಿ. ನನ್ನದು ಮರದ ವ್ಯಾಪಾರ; ಹಂಗಳದ ಬಳಿ ಒಂದು ನೀಲಗಿರಿ ತೋಪು ಮಾರಾಟಕ್ಕಿತ್ತು. ನೀಲಗಿರಿ ಆಸ್ಟ್ರೇಲಿಯಾದಿಂದ ಬಂದ ಮರ, ಅದರಲ್ಲಿ ಹಲವು ಜಾತಿ. ಕೆಲವು ಒಣಗಿದರೆ ಸೀಳುತ್ತವೆ. ಸೀಳದ ಜಾತಿಯಾದರೆ ಕಂಬದ ಬೆಲೆ, ಇಲ್ಲವಾದರೆ ಸೌದೆಯ ಬೆಲೆ.

ತೋಪಿನಲ್ಲಿ ನಿಂತು ಪುಸ್ತಕ ಬಿಚ್ಚಿದೆ. ಪ್ರತಿ ಪುಟದಲ್ಲೂ ಮೊಗ್ಗು, ಹೂ, ಕಾಯಿ ನೋಡಿ ಎಂದಿತ್ತು. ತಲೆಯೆತ್ತಿದರೆ ಬರೀ ಎಲೆ.

"ಇದು ಹೂ ಬಿಡೋದು ಯಾವಾಗ ಯಜಮಾನ್ರೇ?" ಎಂದೆ.

ತೋಪಿನ ಯಜಮಾನರು ನಕ್ಕುಬಿಟ್ಟರು. "ಹೂ ಬುಡೋಗಂಟ ಯಾರ್ ಬುಟ್ಟಾರು ಕಣಪ್ಪಾ? ಕಡೀತೀವಿ, ಬುಡದಾಗೆ ಚಿಗುರ್ತದೆ, ತಿರ್ಗಾ ಕಡೀತೀವಿ. ಹೂವೇ ಬೇಕಾದ್ರೆ ಮಲ್ಲಿಗೆ ತಗಂಡೋಗು!"

ಇನ್ನೊಬ್ಬ ವ್ಯಾಪಾರಿ ಬೈಕಿನ ಮೇಲೆ ಕಾಯುತ್ತಿದ್ದ. "ಓದಿದ್ದಾಯ್ತೇನಣ್ಣ?" ಎಂದು ಕೆಣಕಿದ. ಯಾವ ಬೆಲೆ ಹೇಳುವುದೆಂದು ಲೆಕ್ಕ ಹಾಕಿದೆ. ಕಂಬದ ಬೆಲೆ ಹೇಳಿ, ಆಮೇಲೆ ಮರ ಸೀಳಿದರೆ ನಾನು ಮುಳುಗುತ್ತೇನೆ. ಸೌದೆಯ ಬೆಲೆಗೆ ಯಜಮಾನರು ಕೊಡುವುದಿಲ್ಲ. ನಾನು ಪುಟ ತಿರುವುತ್ತಿದ್ದಂತೆಯೇ ಅವನು ಯಜಮಾನರ ಕೈಗೆ ಮುಂಗಡ ಕೊಟ್ಟು ತೋಪು ಹಿಡಿದುಕೊಂಡ.

ನೀವು ಇಂಥ ಪುಸ್ತಕ ಕೊಳ್ಳುವುದಾದರೆ, ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಿಲ್ವರ್ ಓಕನ್ನು ಅದರಲ್ಲಿ ಹುಡುಕಿ; ಅದೂ ಆಸ್ಟ್ರೇಲಿಯಾದ ಮರವೇ. ಹೂವಿನ ಹಂಗಿಲ್ಲದೆ, ತೊಗಟೆ ಮತ್ತು ಎಲೆಯಿಂದಲೇ ಸಿಕ್ಕಿದರೆ ದುಡ್ಡು ಕೊಡಿ. ಕಡಿದ ಬುಡದ ಚಿಗುರೆಲೆಯ ಆಕಾರವೇ ಬೇರೆ, ಅದರ ಚಿತ್ರವಿದೆಯೇ ಎಂದೂ ಕೇಳಿ. ನನಗಿನ್ನೂ ಅಂಥ ಪುಸ್ತಕ ಸಿಕ್ಕಿಲ್ಲ.